ಗಡಿ ಮುಚ್ಚಿದ ವರ್ಷಗಳಲ್ಲಿ ವಿದೇಶಿ ವಿದ್ಯಾರ್ಥಿಗಳು

2020–21ರ ಶೈಕ್ಷಣಿಕ ವರ್ಷದ ಅಂಕಿಅಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಮೊದಲು ಕಾಣುವುದು ಒಂದು ಒಗಟು. ಅಮೆರಿಕದಲ್ಲಿ ಹಿಂದಿನ ವರ್ಷ 10,75,496 ಇದ್ದ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಆ ವರ್ಷ 9,14,095ಕ್ಕೆ ಕುಸಿಯಿತು. ಹೊಸದಾಗಿ ಸೇರಿದವರ ಸಂಖ್ಯೆಯಂತೂ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಈ ಸಂಖ್ಯೆ 6,05,130ಕ್ಕೆ ಏರಿತು. 2030ರೊಳಗೆ ಆರು ಲಕ್ಷ ಮುಟ್ಟಬೇಕೆಂದು ಅಲ್ಲಿನ ಸರ್ಕಾರ 2019ರಲ್ಲಿ ಇಟ್ಟುಕೊಂಡಿದ್ದ ಗುರಿ ಸೋಂಕಿನ ನಡುವೆಯೇ ಈಡೇರಿಬಿಟ್ಟಿತು. ಹಾಗೆಂದು ಬ್ರಿಟನ್ನಿನಲ್ಲಿ ಕೋವಿಡ್ ಹಾವಳಿ ಕಡಿಮೆಯಿತ್ತೆಂದು ಯಾರೂ ಹೇಳಲಾರರು; ಯುರೋಪಿನಲ್ಲಿ ಅತಿ ಹೆಚ್ಚು ಸಾವು ಕಂಡ ದೇಶಗಳಲ್ಲಿ ಅದೂ ಒಂದು. ಇತ್ತ ಸೋಂಕನ್ನು ಬಹುಕಾಲ ಹದ್ದುಬಸ್ತಿನಲ್ಲಿಟ್ಟ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ವಿದ್ಯಾರ್ಥಿಗಳನ್ನು 2021ರ ಕೊನೆಯವರೆಗೂ ಕಳೆದುಕೊಳ್ಳುತ್ತಲೇ ಹೋದವು. ರೋಗಕ್ಕೆ ಹೆದರಿ ವಿದ್ಯಾರ್ಥಿಗಳು ದೇಶ ಆರಿಸಿಕೊಂಡರು ಎಂಬ ಸುಲಭದ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

ಆ ವರ್ಷಗಳಲ್ಲಿ ನಾನು ಒಂದು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಈಗಲೂ ಅದೇ ಕ್ಷೇತ್ರದಲ್ಲಿದ್ದೇನೆ. ಅರ್ಜಿ ಪರಿಶೀಲನೆ, ಪ್ರವೇಶಪತ್ರ, ವೀಸಾ ಕಾಗದಗಳು, ಬಂದಿಳಿದವರ ವಸತಿ, ನಡುವೆ ಬಿಟ್ಟುಹೋಗಲು ಹೊರಟವರೊಂದಿಗಿನ ಮಾತುಕತೆ ಎಲ್ಲವೂ ಒಂದೇ ವಿಭಾಗದ ಕೆಲಸವೆಂದು ಕಾಗದದ ಮೇಲಿದ್ದರೂ, ವಾಸ್ತವದಲ್ಲಿ ವಿದ್ಯಾರ್ಥಿಗಳನ್ನು ಕರೆತರುವವರು ಒಂದು ಕೋಣೆಯಲ್ಲಿ, ಬಂದವರನ್ನು ನೋಡಿಕೊಳ್ಳುವವರು ಇನ್ನೊಂದು ಕೋಣೆಯಲ್ಲಿ ಕೂರುತ್ತಿದ್ದರು. ಮೊದಲನೆಯವರ ಕೈಯಲ್ಲಿ ಬಜೆಟ್ ಇತ್ತು, ಎರಡನೆಯವರ ಮೇಜಿನ ಮೇಲೆ ದೂರುಗಳಿದ್ದವು. ಸಾಂಕ್ರಾಮಿಕ ಈ ಗೋಡೆಗೆ ಅರ್ಥವೇ ಇಲ್ಲದಂತೆ ಮಾಡಿತು. ಮುಂದಿನ ವರ್ಷ ಬರಬೇಕಾದವರು ನಮ್ಮ ಜಾಹೀರಾತು ನೋಡಿ ತೀರ್ಮಾನಿಸಲಿಲ್ಲ. ಈಗಾಗಲೇ ಒಳಗಿದ್ದ, ತಮ್ಮದೇ ಭಾಷೆಯ ಹಿರಿಯ ವಿದ್ಯಾರ್ಥಿಯನ್ನು ವಾಟ್ಸ್‌ಆ್ಯಪಿನಲ್ಲೋ ವೀಚಾಟಿನಲ್ಲೋ ಹುಡುಕಿಕೊಂಡು, ಲಾಕ್‌ಡೌನಿನಲ್ಲಿ ಅಲ್ಲಿಯವರು ನಿಮ್ಮನ್ನು ಹೇಗೆ ನೋಡಿಕೊಂಡರು ಎಂದು ಕೇಳಿ ತೀರ್ಮಾನಿಸಿದರು. ಇರುವವರನ್ನು ಉಳಿಸಿಕೊಳ್ಳಲಾಗದ ಸಂಸ್ಥೆ ಹೊಸಬರನ್ನು ಕರೆಯಲು ಮಾಡಿದ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಘಟನೆಗಳ ಕ್ರಮವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಅಂತರರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿಯನ್ನು ಘೋಷಿಸಿತು. ಕೋವಿಡನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದದ್ದು ಮಾರ್ಚ್ 11ರಂದು. ಈ ಎರಡು ದಿನಾಂಕಗಳ ನಡುವಿನ ಅವಧಿಯಲ್ಲೇ ಆಸ್ಟ್ರೇಲಿಯದ ವಿಶ್ವವಿದ್ಯಾಲಯಗಳು ಮೊದಲ ಪೆಟ್ಟು ತಿಂದವು. ಅಲ್ಲಿನ ಶೈಕ್ಷಣಿಕ ವರ್ಷ ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರದಲ್ಲಿ ಆರಂಭವಾಗುತ್ತದೆ. ಚೀನಾದ ವಿದ್ಯಾರ್ಥಿಗಳು ರಜೆಗೆಂದು, ಹೊಸ ವರ್ಷದ ಹಬ್ಬಕ್ಕೆಂದು ಊರಿಗೆ ಹೋಗಿದ್ದ ಹೊತ್ತಿಗೆ, ಫೆಬ್ರವರಿ 1ರಂದು, ಚೀನಾದಿಂದ ಬರುವ ವಿದೇಶಿಯರಿಗೆ ಆಸ್ಟ್ರೇಲಿಯ ಬಾಗಿಲು ಹಾಕಿತು. ಲಕ್ಷದಷ್ಟು ವಿದ್ಯಾರ್ಥಿಗಳು ಹೊರಗುಳಿದರು. ಮೂರನೆಯ ದೇಶವೊಂದರಲ್ಲಿ ಹದಿನಾಲ್ಕು ದಿನ ಕಳೆದು ಬಂದರೆ ಒಳಬಿಡುವ ದಾರಿಯೊಂದು ಕೆಲ ವಾರ ತೆರೆದಿತ್ತು. ಕೆಲವು ವಿಶ್ವವಿದ್ಯಾಲಯಗಳು ಹಾಗೆ ಸುತ್ತಿಬರುವವರಿಗೆ ಖರ್ಚಿನ ನೆರವನ್ನೂ ಕೊಟ್ಟವು. ಮಾರ್ಚ್ 18ರಂದು ಕೆನಡಾ, 19ರಂದು ನ್ಯೂಜಿಲೆಂಡ್, 20ರಂದು ಆಸ್ಟ್ರೇಲಿಯ, 28ರಂದು ಚೀನಾ ತಂತಮ್ಮ ಗಡಿಗಳನ್ನು ಬಿಗಿಗೊಳಿಸಿದ ಮೇಲೆ ಸುತ್ತುದಾರಿಗಳೂ ಉಳಿಯಲಿಲ್ಲ.

ಅಲ್ಲಿಂದ ಮುಂದೆ ವಿದೇಶದಲ್ಲಿ ಓದಲು ಹೊರಟವರ ಲೆಕ್ಕಾಚಾರವೇ ಬದಲಾಯಿತು. ಶ್ರೇಯಾಂಕ, ಪಠ್ಯಕ್ರಮ, ಪ್ರಾಧ್ಯಾಪಕರ ಹೆಸರು ಇವೆಲ್ಲ ಹಿಂದೆ ಸರಿದು, ಮೂರು ಪ್ರಶ್ನೆಗಳು ಮುಂದೆ ಬಂದವು. ಒಳಗೆ ಬಿಡುತ್ತಾರೆಯೇ, ಬಿಡದಿದ್ದರೆ ಕಟ್ಟಿದ ಹಣದ ಗತಿಯೇನು, ಮತ್ತು ಓದು ಮುಗಿದ ಮೇಲೆ ಕೆಲಸ ಮಾಡಲು ಅವಕಾಶ ಉಳಿದಿರುತ್ತದೆಯೇ. ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರ ಹೇಳಬೇಕಾದದ್ದು ಸರ್ಕಾರ; ನಡುವಿನದು ಮಾತ್ರ ವಿಶ್ವವಿದ್ಯಾಲಯದ ಕೈಯಲ್ಲಿತ್ತು. ಆ ನಡುವಿನ ಒಂದರಲ್ಲೂ ಎಷ್ಟೋ ಸಂಸ್ಥೆಗಳು ಎಡವಿದವು.

ಸರ್ಕಾರದ ಒಂದು ಆದೇಶ ವಿದ್ಯಾರ್ಥಿಗಳ ಮನಸ್ಸಿನ ಮೇಲೆ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ 2020ರ ಜುಲೈ ತಿಂಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪೂರ್ತಿ ಆನ್‌ಲೈನಿನಲ್ಲಿ ತರಗತಿ ನಡೆಸುವ ಸಂಸ್ಥೆಗಳ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕು ಅಥವಾ ನೇರ ತರಗತಿಗಳಿರುವ ಕಡೆಗೆ ವರ್ಗವಾಗಬೇಕು ಎಂದು ಜುಲೈ 6ರಂದು ಪ್ರಕಟಣೆ ಬಂತು. ಎರಡೇ ದಿನಕ್ಕೆ ಹಾರ್ವರ್ಡ್ ಮತ್ತು ಎಂಐಟಿ ನ್ಯಾಯಾಲಯಕ್ಕೆ ಹೋದವು; ಜುಲೈ 14ರಂದು ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು. ಕಾನೂನಿನ ದೃಷ್ಟಿಯಿಂದ ಪ್ರಕರಣ ವಾರದೊಳಗೆ ಮುಗಿಯಿತು. ಆದರೆ ಮನೆಯವರ ಒಪ್ಪಿಗೆ ಪಡೆದು, ಸಾಲದ ಕಾಗದಕ್ಕೆ ಸಹಿ ಹಾಕಲು ಕುಳಿತಿದ್ದ ವಿದ್ಯಾರ್ಥಿಗೆ ಆ ಒಂದು ವಾರ ಸಾಕಾಗಿತ್ತು. ಆದೇಶ ರದ್ದಾದ ಮೇಲೂ, ಹೊಸದಾಗಿ ಸೇರುವವರ ತರಗತಿಗಳು ಪೂರ್ತಿ ಆನ್‌ಲೈನಿನಲ್ಲಿದ್ದರೆ ಅವರು ದೇಶದೊಳಗೆ ಬರುವಂತಿಲ್ಲ ಎಂಬ ನಿಯಮ ಉಳಿಯಿತು. ದೂತಾವಾಸಗಳು ಮಾರ್ಚ್‌ನಿಂದಲೇ ಸಾಮಾನ್ಯ ವೀಸಾ ಕೆಲಸವನ್ನು ನಿಲ್ಲಿಸಿದ್ದವು. ಆ ವರ್ಷ ಹೊಸ ದಾಖಲಾತಿ ಅರ್ಧಕ್ಕೆ ಇಳಿದದ್ದರಲ್ಲಿ ಸೋಂಕಿನ ಪಾಲೆಷ್ಟು, ಈ ಗೊಂದಲದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ನನ್ನ ಅಂದಾಜಿನಲ್ಲಿ ಗೊಂದಲದ ಪಾಲು ಸಣ್ಣದಲ್ಲ.

ಇದಕ್ಕೆ ಹೋಲಿಸಿದರೆ ಕೆನಡಾದ ನಡೆ ಹೆಚ್ಚು ಲೆಕ್ಕಾಚಾರದ್ದಾಗಿತ್ತು. ಮಾರ್ಚ್ 18ರೊಳಗೆ ಅಧ್ಯಯನ ಪರವಾನಗಿ ಮಂಜೂರಾದವರಿಗೆ ಬರಲು ಅವಕಾಶ ಉಳಿಸಿ, ಉಳಿದವರನ್ನು ಕಾಯಿಸಿ, ಅಕ್ಟೋಬರ್ 20ರಿಂದ ಸೋಂಕು ನಿರ್ವಹಣೆಯ ಯೋಜನೆಗೆ ಒಪ್ಪಿಗೆ ಪಡೆದ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ತೀರ್ಮಾನ. ಸಾಮಾನ್ಯ ಕಾಲದಲ್ಲಿ ಕೆನಡಾದ ಹೊರಗೆ ಕುಳಿತು ಆನ್‌ಲೈನಿನಲ್ಲಿ ಓದಿದ ಅವಧಿ, ಪದವಿಯ ನಂತರದ ಉದ್ಯೋಗ ಪರವಾನಗಿಗೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸಾಂಕ್ರಾಮಿಕದ ಅವಧಿಗೆ ಸರ್ಕಾರ ಈ ನಿಯಮವನ್ನು ಸಡಿಲಿಸಿತು, ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿತು. ಊರಿನಲ್ಲೇ ಕುಳಿತು ಮೊದಲ ಸೆಮಿಸ್ಟರ್ ಆರಂಭಿಸಬೇಕೇ ಅಥವಾ ಒಂದು ವರ್ಷ ಮುಂದೂಡಬೇಕೇ ಎಂದು ತೂಗಿ ನೋಡುತ್ತಿದ್ದವರಿಗೆ ತಕ್ಕಡಿಯನ್ನು ಒಂದು ಕಡೆಗೆ ವಾಲಿಸಿದ್ದು ಇದೇ. ಬ್ರಿಟನ್ ಕೂಡ ಇಂಥದೇ ಕೆಲಸ ಮಾಡಿತು. ಓದು ಮುಗಿಸಿದವರು ಎರಡು ವರ್ಷ, ಪಿಎಚ್‌ಡಿ ಪಡೆದವರು ಮೂರು ವರ್ಷ ಅಲ್ಲೇ ಉಳಿದು ಕೆಲಸ ಮಾಡಬಹುದಾದ ವ್ಯವಸ್ಥೆಯನ್ನು 2019ರ ಸೆಪ್ಟೆಂಬರಿನಲ್ಲೇ ಪ್ರಕಟಿಸಿದ್ದು, 2021ರ ಜುಲೈ 1ರಂದು ಜಾರಿಗೆ ತಂದಿತು. ದೂರದಲ್ಲೇ ಓದು ಆರಂಭಿಸಿದವರು ಇಂತಿಷ್ಟು ದಿನದೊಳಗೆ ಬಂದು ಸೇರಿದರೆ ಅರ್ಹರೆಂದು ಹೇಳಿ, ಆ ದಿನಾಂಕವನ್ನು ಪರಿಸ್ಥಿತಿ ನೋಡಿ ಮುಂದಕ್ಕೆ ಹಾಕುತ್ತ ಬಂತು. ಆರಂಭದಲ್ಲಿ ಹೇಳಿದ ಒಗಟಿನ ದೊಡ್ಡ ಭಾಗ ಇಲ್ಲಿ ಬಿಡಿಸಿಕೊಳ್ಳುತ್ತದೆ. ವಿದ್ಯಾರ್ಥಿಗೆ ಬೇಕಿದ್ದುದು ಸೋಂಕಿಲ್ಲದ ದೇಶಕ್ಕಿಂತ ಹೆಚ್ಚಾಗಿ, ಹೇಳಿದ ಮಾತಿನ ಮೇಲೆ ನಿಲ್ಲುವ ದೇಶ.

ಇನ್ನು ಹಣದ ವಿಚಾರ. ಪ್ರವೇಶಪತ್ರ ಪಡೆದ ವಿದ್ಯಾರ್ಥಿ ತನ್ನ ಸ್ಥಾನವನ್ನು ಕಾದಿರಿಸಲು ಠೇವಣಿ ಕಟ್ಟುತ್ತಾನೆ. ಅನೇಕ ಕಡೆ ಅದಾದ ಮೇಲೆಯೇ ವೀಸಾಕ್ಕೆ ಬೇಕಾದ ಪತ್ರ ಸಿಗುತ್ತದೆ. ವೀಸಾ ತಿರಸ್ಕೃತವಾದರೆ ಠೇವಣಿ ಮರಳುತ್ತದೆ ಎಂಬ ನಿಯಮ ಬಹುತೇಕ ಎಲ್ಲ ಕಡೆ ಇತ್ತು. ಆದರೆ 2020ರಲ್ಲಿ ವೀಸಾ ತಿರಸ್ಕೃತವಾಗಲಿಲ್ಲ. ಅರ್ಜಿ ಸ್ವೀಕರಿಸುವ ಕೇಂದ್ರವೇ ಮುಚ್ಚಿತ್ತು. ವೀಸಾ ಸಿಕ್ಕವರಿಗೆ ವಿಮಾನವಿರಲಿಲ್ಲ. ವಿಮಾನ ಸಿಕ್ಕವರಿಗೆ ಬಂದಿಳಿಯುವ ಅನುಮತಿ ಇರಲಿಲ್ಲ. ನಿಯಮ ಬರೆದವರು ಇಂಥ ಪರಿಸ್ಥಿತಿಯನ್ನು ಊಹಿಸಿರಲಿಲ್ಲವಾದ್ದರಿಂದ, ನಿಯಮದಲ್ಲಿ ಇದಕ್ಕೆ ಸಾಲೇ ಇರಲಿಲ್ಲ. ನಮ್ಮ ವಿಭಾಗಕ್ಕೆ ಆ ಬೇಸಿಗೆಯಲ್ಲಿ ಬಂದ ಇಮೇಲುಗಳಲ್ಲಿ ಒಂದನ್ನು ನಾನು ಈಗಲೂ ಮರೆತಿಲ್ಲ. ಬರೆದವರು ವಿದ್ಯಾರ್ಥಿನಿಯ ತಂದೆ. ಉದ್ದನೆಯ ವಿವರಣೆಯಿಲ್ಲದೆ, ಕ್ರಮಸಂಖ್ಯೆ ಹಾಕಿ ಕೇಳಿದ್ದರು: ಸೆಪ್ಟೆಂಬರಿನಲ್ಲಿ ತರಗತಿ ನೇರವಾಗಿ ನಡೆಯುತ್ತದೆಯೇ, ಇಲ್ಲವೆಂದಾದರೆ ಅದನ್ನು ನೀವು ಯಾವ ದಿನದೊಳಗೆ ತಿಳಿಸುತ್ತೀರಿ, ಆ ದಿನದ ನಂತರ ನಾವು ಮುಂದೂಡಿದರೆ ವಿದ್ಯಾರ್ಥಿವೇತನ ಉಳಿಯುತ್ತದೆಯೇ, ಹಾಸ್ಟೆಲ್ ಮುಂಗಡ ಬೇರೆಯೇ, ಠೇವಣಿಯ ಜೊತೆಗೆ ಸೇರಿದ್ದೇ. ಇವಕ್ಕೆ ಉತ್ತರಿಸಲು ನಮಗೆ ನಾಲ್ಕು ವಿಭಾಗಗಳ ಒಪ್ಪಿಗೆ ಬೇಕಾಯಿತು. ಕೊನೆಯ ಪ್ರಶ್ನೆಗೆ ಮಾತ್ರ ಆ ದಿನವೇ ಉತ್ತರ ಸಿಕ್ಕಿತು. ಹಾಸ್ಟೆಲ್ಲಿನ ಲೆಕ್ಕ ನೋಡಿಕೊಳ್ಳುತ್ತಿದ್ದ ಹಿರಿಯ ಗುಮಾಸ್ತೆಯೊಬ್ಬರು ಯಾರನ್ನೂ ಕೇಳದೆ, ಮುಂಗಡ ಪೂರ್ತಿ ವಾಪಸು ಕೊಡುತ್ತೇವೆಂದು ಬರೆದು ಕಳಿಸಿದ್ದರು. ಆಮೇಲೆ ಮೇಲಿನವರಿಂದ ಅವರಿಗೆ ಬಂದ ಮಾತು ಸಿಹಿಯಾಗಿರಲಿಲ್ಲ. ಆದರೆ ಆ ವಿದ್ಯಾರ್ಥಿನಿ ಬಂದಳು.

ನನ್ನ ಅನುಭವದಲ್ಲಿ, ಅನಿಶ್ಚಿತತೆಯ ಕಾಲದಲ್ಲಿ "ಸದ್ಯಕ್ಕೆ ಹೇಳಲಾಗದು, ಜುಲೈ 15ಕ್ಕೆ ಹೇಳುತ್ತೇವೆ" ಎಂಬ ಉತ್ತರಕ್ಕಿದ್ದ ಬೆಲೆ "ಎಲ್ಲವೂ ಸರಿಹೋಗುತ್ತದೆಂಬ ವಿಶ್ವಾಸವಿದೆ" ಎಂಬ ಉತ್ತರಕ್ಕೆ ಇರಲಿಲ್ಲ. ಎರಡನೆಯ ಬಗೆಯ ಪತ್ರಗಳನ್ನು ಸಂಸ್ಥೆಗಳು ಹೇರಳವಾಗಿ ಕಳಿಸಿದವು; ಸಂವಹನ ವಿಭಾಗದವರು ತಿದ್ದಿತೀಡಿದ, ಯಾವ ದಿನಾಂಕವೂ ಇಲ್ಲದ, ಕುಲಪತಿಗಳ ಸಹಿಯುಳ್ಳ ಪತ್ರಗಳು. ಅವನ್ನು ವಿದ್ಯಾರ್ಥಿಗಳು ಓದುತ್ತಿರಲಿಲ್ಲ ಎನ್ನಲಾರೆ. ಓದುತ್ತಿದ್ದರು, ಸಾಲು ಸಾಲಾಗಿ ಓದಿ, ಹೇಳದೆ ಬಿಟ್ಟದ್ದೇನೆಂದು ಹುಡುಕುತ್ತಿದ್ದರು.

ಆನ್‌ಲೈನ್ ಬೋಧನೆಯ ಬಗ್ಗೆ ಎಷ್ಟೋ ಚರ್ಚೆಯಾಗಿದೆ. ವಿದೇಶಿ ವಿದ್ಯಾರ್ಥಿಗಳ ಮಟ್ಟಿಗೆ ಅದರ ತೊಂದರೆ ಎಲ್ಲಿ ಕಚ್ಚಿತೆಂಬುದನ್ನಷ್ಟೇ ಹೇಳುತ್ತೇನೆ. ನ್ಯೂಯಾರ್ಕಿನಲ್ಲಿ ಬೇಸಿಗೆಯ ಮಧ್ಯಾಹ್ನ ಎರಡು ಗಂಟೆಯಾದಾಗ ಭಾರತದಲ್ಲಿ ರಾತ್ರಿ ಹನ್ನೊಂದೂವರೆ, ಶಾಂಘೈನಲ್ಲಿ ರಾತ್ರಿ ಎರಡು. ಉಪನ್ಯಾಸವನ್ನು ಧ್ವನಿಮುದ್ರಿಸಿ ಹಾಕಿದರೆ ಸಮಸ್ಯೆ ಮುಗಿಯಿತೆಂದು ಅಧ್ಯಾಪಕರು ಭಾವಿಸಿದರು. ಆದರೆ ಅಂಕಗಳಿದ್ದದ್ದು ಗುಂಪು ಚರ್ಚೆಗೆ, ತರಗತಿಯ ಪಾಲ್ಗೊಳ್ಳುವಿಕೆಗೆ, ನಿಗದಿತ ಹೊತ್ತಿನ ಕಿರುಪರೀಕ್ಷೆಗೆ. ಅವುಗಳಿಗಾಗಿ ನಡುರಾತ್ರಿ ಎದ್ದು ಕೂರಬೇಕಾದ ವಿದ್ಯಾರ್ಥಿ, ಮನೆಯವರ ನಿದ್ದೆ ಕೆಡದಿರಲೆಂದು ಮೈಕ್ ಮುಚ್ಚಿಕೊಂಡು, ತನ್ನ ಅಭಿಪ್ರಾಯವನ್ನು ಚಾಟ್ ಪೆಟ್ಟಿಗೆಯಲ್ಲಿ ಬೆರಳಚ್ಚಿಸುತ್ತಿದ್ದ. ಅದನ್ನು ಬೋಧಕರು ಗಮನಿಸುವ ಹೊತ್ತಿಗೆ ಚರ್ಚೆ ಮುಂದಕ್ಕೆ ಹೋಗಿರುತ್ತಿತ್ತು. ಚೀನಾದಲ್ಲಿ ಗೂಗಲ್ ಸೇವೆಗಳಿಗೆ ತಡೆಯಿರುವುದರಿಂದ, ಪಠ್ಯ ಸಾಮಗ್ರಿಯನ್ನು ಅಲ್ಲಿ ಹಾಕಿದ ಅಧ್ಯಾಪಕರ ಕೋರ್ಸನ್ನು ತೆರೆಯುವುದೇ ಸಾಹಸವಾಗಿತ್ತು. ಪ್ರಯೋಗಾಲಯ, ಸ್ಟುಡಿಯೋ, ಆಸ್ಪತ್ರೆಯ ತರಬೇತಿ ಬೇಕಾದ ವಿಷಯಗಳಲ್ಲಿ ಈ ಯಾವ ಹೊಂದಾಣಿಕೆಯೂ ಉಪಯೋಗಕ್ಕೆ ಬರಲಿಲ್ಲ.

ಕೆಲವು ಸಂಸ್ಥೆಗಳು ಇದಕ್ಕೆ ಜಾಣತನದ ಉತ್ತರ ಹುಡುಕಿದವು. ನ್ಯೂಯಾರ್ಕ್ ವಿಶ್ವವಿದ್ಯಾಲಯ ಅಮೆರಿಕಕ್ಕೆ ಬರಲಾಗದ ಚೀನೀ ವಿದ್ಯಾರ್ಥಿಗಳಿಗೆ ತನ್ನ ಶಾಂಘೈ ಕ್ಯಾಂಪಸ್ಸಿನಲ್ಲೇ ಓದಲು ಏರ್ಪಾಡು ಮಾಡಿತು. ಕಾರ್ನೆಲ್ ಚೀನಾದ ಸಹಭಾಗಿ ವಿಶ್ವವಿದ್ಯಾಲಯಗಳಲ್ಲಿ ತನ್ನ ವಿದ್ಯಾರ್ಥಿಗಳಿಗೆ ಜಾಗ ಮಾಡಿಕೊಟ್ಟಿತು. ವರ್ಷಗಳ ಹಿಂದೆ ಬೇರೆ ಉದ್ದೇಶಕ್ಕೆ ಕಟ್ಟಿಕೊಂಡ ಸಂಬಂಧ ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬಂತು. ಅಂಥ ಸಂಬಂಧವಿಲ್ಲದವರು ರಾತ್ರೋರಾತ್ರಿ ಅದನ್ನು ಕಟ್ಟಿಕೊಳ್ಳಲಾಗಲಿಲ್ಲ. ಶುಲ್ಕವನ್ನು ಕಡಿಮೆ ಮಾಡಿ ಎಂಬ ಬೇಡಿಕೆಗೆ ಮಾತ್ರ ಹೆಚ್ಚಿನ ವಿಶ್ವವಿದ್ಯಾಲಯಗಳು ಮಣಿಯಲಿಲ್ಲ. ವಿದೇಶಿ ವಿದ್ಯಾರ್ಥಿಗಳ ಶುಲ್ಕದಿಂದಲೇ ಸಂಶೋಧನೆಯ ಖರ್ಚನ್ನು ಸರಿದೂಗಿಸುವ ವ್ಯವಸ್ಥೆಯಲ್ಲಿ ಅದು ಸಾಧ್ಯವೂ ಇರಲಿಲ್ಲವೆಂಬುದು ನಿಜ. ಆಸ್ಟ್ರೇಲಿಯದ ವಿಶ್ವವಿದ್ಯಾಲಯಗಳ ಒಕ್ಕೂಟದ ಲೆಕ್ಕದ ಪ್ರಕಾರ 2020ರಲ್ಲಿ ಅಲ್ಲಿನ ಕ್ಯಾಂಪಸ್ಸುಗಳಲ್ಲಿ ಕನಿಷ್ಠ 17,300 ಉದ್ಯೋಗಗಳು ಹೋದವು. ಆದರೆ ತಾನು ಪಡೆಯದ ಗ್ರಂಥಾಲಯ, ಕ್ರೀಡಾಂಗಣ, ಸಾರಿಗೆ ಇವುಗಳ ಶುಲ್ಕವನ್ನೂ ಕಟ್ಟಿದ ವಿದ್ಯಾರ್ಥಿಗೆ ಈ ಲೆಕ್ಕ ಹೇಳಿ ಸಮಾಧಾನ ಮಾಡಲಾಗದು. ಬೋಧನಾ ಶುಲ್ಕವನ್ನು ಮುಟ್ಟದೆ ಈ ಇತರೆ ಶುಲ್ಕಗಳನ್ನು ಬಿಟ್ಟುಕೊಟ್ಟಿದ್ದರೆ ನಷ್ಟ ಅಲ್ಪವಾಗುತ್ತಿತ್ತು, ಹೆಸರು ಉಳಿಯುತ್ತಿತ್ತು.

ಗಡಿಯೊಳಗೆ ಸಿಕ್ಕಿಕೊಂಡವರ ಪಾಡು ಬೇರೆಯೇ. ಶುಲ್ಕವನ್ನು ಮನೆಯಿಂದ ತಂದು, ಬಾಡಿಗೆ ಮತ್ತು ಊಟದ ಖರ್ಚನ್ನು ಹೋಟೆಲು, ಅಂಗಡಿ, ಗೋದಾಮುಗಳ ಅರೆಕಾಲಿಕ ಕೆಲಸದಿಂದ ಹೊಂದಿಸಿಕೊಳ್ಳುವುದು ಲಕ್ಷಾಂತರ ವಿದ್ಯಾರ್ಥಿಗಳ ರೂಢಿ. ಲಾಕ್‌ಡೌನಿನಲ್ಲಿ ಮೊದಲು ಮುಚ್ಚಿದ್ದು ಆ ಹೋಟೆಲುಗಳು. ಆಸ್ಟ್ರೇಲಿಯದ ವೇತನ ನೆರವಿನ ಯೋಜನೆಯಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಪಾಲಿರಲಿಲ್ಲ. ಮೊದಲ ವರ್ಷದ ಖರ್ಚಿಗೆ ಹಣವಿದೆಯೆಂದು ವೀಸಾ ಪಡೆಯುವಾಗ ತೋರಿಸಿದ್ದೀರಲ್ಲ ಎಂಬ ತರ್ಕ ಮುಂದಿಟ್ಟು, ತಮ್ಮ ಖರ್ಚನ್ನು ನೋಡಿಕೊಳ್ಳಲಾಗದವರು ಸ್ವದೇಶಕ್ಕೆ ಮರಳಬಹುದೆಂಬ ಅರ್ಥದ ಮಾತನ್ನು ಪ್ರಧಾನಿ ಸ್ಕಾಟ್ ಮಾರಿಸನ್ 2020ರ ಏಪ್ರಿಲ್ 3ರಂದು ಆಡಿದರು. ಅದೇ ತಿಂಗಳ ಕೊನೆಗೆ ವಿಕ್ಟೋರಿಯ ರಾಜ್ಯ ಸರ್ಕಾರ ಕಷ್ಟದಲ್ಲಿರುವ ವಿದೇಶಿ ವಿದ್ಯಾರ್ಥಿಗಳಿಗೆ ತಲಾ 1,100 ಡಾಲರ್‌ವರೆಗಿನ ನೆರವಿನ ನಿಧಿ ಪ್ರಕಟಿಸಿತು. ಅನೇಕ ವಿಶ್ವವಿದ್ಯಾಲಯಗಳೂ ತಮ್ಮ ಕೈಲಾದದ್ದನ್ನು ಕೊಟ್ಟವು. ಆದರೆ ಜಗತ್ತಿನಾದ್ಯಂತ ವಿದ್ಯಾರ್ಥಿಗಳ ಗುಂಪುಗಳಲ್ಲಿ ಓಡಾಡಿದ್ದು ನೆರವಿನ ಸುದ್ದಿಗಿಂತ ಹೆಚ್ಚಾಗಿ ಪ್ರಧಾನಿಯ ಮಾತು. ಕೆನಡಾದಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 5,000 ಡಾಲರ್ ದುಡಿದು, ಸೋಂಕಿನಿಂದಾಗಿ ಕೆಲಸ ಕಳೆದುಕೊಂಡವರಿಗೆ ಸಿಗುತ್ತಿದ್ದ ಮಾಸಿಕ 2,000 ಡಾಲರ್ ತುರ್ತು ನೆರವಿಗೆ ವಿದೇಶಿ ವಿದ್ಯಾರ್ಥಿಗಳೂ ಅರ್ಹರಾಗಿದ್ದರು. ಈ ಎರಡು ದೇಶಗಳನ್ನು ಹೋಲಿಸಿ ನೋಡುತ್ತಿದ್ದ ತಮ್ಮಂದಿರು, ತಂಗಿಯರು, ಏಜೆಂಟರು ಬೇರೆ ಪುರಾವೆ ಕೇಳಲಿಲ್ಲ.

ಹಣಕ್ಕಿಂತ ಅಗ್ಗದ ಕೆಲಸವೂ ಒಂದಿತ್ತು; ಅದು ಫೋನು. ನಾವು ಹಾಸ್ಟೆಲಿನಲ್ಲಿ ಉಳಿದವರ ಪಟ್ಟಿ ಹಂಚಿಕೊಂಡು ವಾರಕ್ಕೊಮ್ಮೆ ಎಲ್ಲರಿಗೂ ಕರೆ ಮಾಡುತ್ತಿದ್ದೆವು. ಮೊದಲ ಸುತ್ತಿನಲ್ಲಿ "ಚೆನ್ನಾಗಿದ್ದೇನೆ" ಎಂಬ ಒಂದೇ ಉತ್ತರ. ಮೂರನೆಯ ನಾಲ್ಕನೆಯ ಸುತ್ತಿನ ಹೊತ್ತಿಗೆ ನಿಜ ಸಂಗತಿಗಳು ಹೊರಬಂದವು: ಅಡುಗೆಮನೆ ಹಂಚಿಕೊಂಡವನಿಗೆ ಜ್ವರ, ಊರಿನಲ್ಲಿ ಅಜ್ಜ ತೀರಿಕೊಂಡದ್ದು, ಲ್ಯಾಪ್‌ಟಾಪ್ ಕೆಟ್ಟು ಎರಡು ವಾರದಿಂದ ತರಗತಿಗೆ ಹೋಗದಿರುವುದು. ಓದು ಬಿಡುತ್ತೇನೆಂದು ಅರ್ಜಿ ಕೊಟ್ಟವರಲ್ಲಿ ಕೆಲವರಿಗೆ ಬೇಕಿದ್ದುದು ಒಂದು ಸೆಮಿಸ್ಟರಿನ ಬಿಡುವು. ಬಿಡುವು ತೆಗೆದುಕೊಂಡರೆ ವೀಸಾ ರದ್ದಾಗುತ್ತದೆಂಬ ಭಯದಿಂದ ಅವರು ಅದನ್ನು ಕೇಳಿರಲಿಲ್ಲ. ವೀಸಾ ನಿಯಮದಲ್ಲಿ ಅನುಮತಿಸಿದ ಬಿಡುವು ಯಾವುದು, ಹೇಗೆ ದಾಖಲಿಸಬೇಕು ಎಂದು ಬಲ್ಲ ಒಬ್ಬ ಸಿಬ್ಬಂದಿ ಆ ಹೊತ್ತಿನಲ್ಲಿ ಹತ್ತು ಪ್ರಚಾರ ಅಧಿಕಾರಿಗಳಿಗೆ ಸಮ.

ಒಳಗೂ ಇಲ್ಲ, ಹೊರಗೂ ಇಲ್ಲ ಎಂಬ ಸ್ಥಿತಿಗೆ ಸಿಕ್ಕಿದವರೆಂದರೆ ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದವರು. ಸಾಂಕ್ರಾಮಿಕಕ್ಕೆ ಮೊದಲು ಚೀನಾ ವಿದೇಶಿ ವಿದ್ಯಾರ್ಥಿಗಳನ್ನು ಸೆಳೆಯುವುದರಲ್ಲಿ ಮುಂಚೂಣಿಗೆ ಬಂದಿತ್ತು. 2018ರಲ್ಲಿ ಅಲ್ಲಿ 4,92,185 ವಿದೇಶಿ ವಿದ್ಯಾರ್ಥಿಗಳಿದ್ದರು. ಗಡಿ ಮುಚ್ಚಿದಾಗ ಊರಲ್ಲಿದ್ದ ಭಾರತೀಯ ವಿದ್ಯಾರ್ಥಿಗಳೇ ಸುಮಾರು 23,000, ಹೆಚ್ಚಿನವರು ವೈದ್ಯಕೀಯದವರು. ದಕ್ಷಿಣ ಕೊರಿಯದ ವಿದ್ಯಾರ್ಥಿಗಳಿಗೆ 2020ರ ಆಗಸ್ಟಿನಲ್ಲೇ ಮರಳುವ ದಾರಿ ಸಿಕ್ಕಿತು. ಉಳಿದ ಹೆಚ್ಚಿನವರಿಗೆ ವೀಸಾ ಮತ್ತೆ ಸಿಗತೊಡಗಿದ್ದು 2022ರ ಆಗಸ್ಟ್ 24ರ ನಂತರ. ಎರಡೂವರೆ ವರ್ಷ ಅವರು ಶವಚ್ಛೇದನವನ್ನೂ ರೋಗಿಯ ತಪಾಸಣೆಯನ್ನೂ ಪರದೆಯ ಮೇಲೆ ಕಲಿತರು, ಶುಲ್ಕ ಕಟ್ಟುತ್ತಲೇ ಇದ್ದರು. ಅಂಥ ಆನ್‌ಲೈನ್ ವೈದ್ಯಕೀಯ ಶಿಕ್ಷಣವನ್ನು ಮಾನ್ಯ ಮಾಡುವುದಿಲ್ಲವೆಂದು ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗ ಎಚ್ಚರಿಸಿತು. ಕೊನೆಗೆ 2022ರ ಜುಲೈನಲ್ಲಿ, ಅಂತಿಮ ವರ್ಷದಲ್ಲಿದ್ದು ಪದವಿ ಮುಗಿಸಿದವರಿಗೆ ಎರಡು ವರ್ಷದ ಇಂಟರ್ನ್‌ಶಿಪ್ ವಿಧಿಸಿ ದಾರಿ ಮಾಡಿಕೊಟ್ಟಿತು. ಕಲಿಸುವ ದೇಶ ಒಂದು, ಪದವಿಗೆ ಮಾನ್ಯತೆ ಕೊಡುವ ದೇಶ ಇನ್ನೊಂದು ಆಗಿರುವಾಗ, ಕಾಲೇಜೊಂದು ಎಷ್ಟೇ ಪ್ರಾಮಾಣಿಕವಾಗಿ ತರಗತಿ ನಡೆಸಿದರೂ ವಿದ್ಯಾರ್ಥಿಯ ನಷ್ಟವನ್ನು ತಡೆಯಲಾರದು. ಮಾನ್ಯತೆಯ ವಿಚಾರವಾಗಿ ವಿದ್ಯಾರ್ಥಿಯ ದೇಶದ ಮಂಡಳಿಯೊಂದಿಗೆ ಮಾತನಾಡುವುದು ಕಾಲೇಜಿನ ಹೊಣೆಯೆಂದು ಆಗ ಬಹಳ ಜನ ಭಾವಿಸಿರಲಿಲ್ಲ.

ವಿದ್ಯಾರ್ಥಿಗಳನ್ನು ಕರೆತರಲು ವಿಮಾನವನ್ನೇ ಗೊತ್ತುಮಾಡಿದ ಪ್ರಸಂಗಗಳೂ ಉಂಟು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯ 2020ರ ಶರತ್ಕಾಲದಲ್ಲಿ ಚೀನಾದಿಂದ ವಿದ್ಯಾರ್ಥಿಗಳನ್ನು ಬಾಡಿಗೆ ವಿಮಾನದಲ್ಲಿ ಕರೆಸಿಕೊಂಡಿತು. ನವೆಂಬರ್ 30ರಂದು 63 ವಿದ್ಯಾರ್ಥಿಗಳನ್ನು ಹೊತ್ತ ವಿಮಾನವೊಂದು ಡಾರ್ವಿನ್ ನಗರದಲ್ಲಿ ಇಳಿಯಿತು. ಗಡಿ ಮುಚ್ಚಿದ ಮೇಲೆ ಆಸ್ಟ್ರೇಲಿಯಕ್ಕೆ ಗುಂಪಾಗಿ ಬಂದ ಮೊದಲ ವಿದೇಶಿ ವಿದ್ಯಾರ್ಥಿಗಳು ಅವರು, ಸೇರಬೇಕಾಗಿದ್ದದ್ದು ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯ. ನ್ಯೂಜಿಲೆಂಡ್ ಅದೇ ವರ್ಷದ ಅಕ್ಟೋಬರಿನಲ್ಲಿ 250 ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ವಿನಾಯಿತಿ ಕೊಟ್ಟಿತು. ಲಕ್ಷಗಳ ಲೆಕ್ಕದಲ್ಲಿ ಇವೆಲ್ಲ ಹನಿಗಳು. ಡಾರ್ವಿನ್ ವಿಮಾನದ ಬೆನ್ನಿಗೆ ಬೇರೆ ವಿಮಾನಗಳು ಸಾಲಾಗಿ ಬರಲಿಲ್ಲವಾದ್ದರಿಂದ, ಹೊರಗೆ ಕಾದಿದ್ದವರಿಗೆ ಅದು ಭರವಸೆಗಿಂತ ಬೇಸರವನ್ನೇ ಕೊಟ್ಟಿತೇನೋ. ಬೆಲ್‌ಫಾಸ್ಟಿನ ಪ್ರಯತ್ನ ಹಾಗಲ್ಲ. ಬ್ರಿಟನ್ನಿನ ಗಡಿ ಹೇಗೂ ತೆರೆದೇ ಇತ್ತು, ವಿಮಾನ ಸಿಗದ ತೊಡಕನ್ನು ಸಂಸ್ಥೆ ತಾನೇ ಬಿಡಿಸಿತು. ಭಾರತವನ್ನು ಬ್ರಿಟನ್ 2021ರ ಏಪ್ರಿಲ್ 23ರಂದು ಕೆಂಪು ಪಟ್ಟಿಗೆ ಸೇರಿಸಿದಾಗ ಹೋಟೆಲ್ ಕ್ವಾರಂಟೈನಿಗೆ ಒಬ್ಬರಿಗೆ 1,750 ಪೌಂಡ್ ಬೇಕಾಗುತ್ತಿತ್ತು. ಕೆಲವು ವಿಶ್ವವಿದ್ಯಾಲಯಗಳು ಆ ಖರ್ಚನ್ನು ತಾವೇ ಭರಿಸುವುದಾಗಿ ಹೇಳಿದವು. ಕೆನಡಾ ಅದೇ ಏಪ್ರಿಲಿನಿಂದ ಸೆಪ್ಟೆಂಬರ್ ಕೊನೆಯ ವಾರದವರೆಗೆ ಭಾರತದಿಂದ ನೇರ ವಿಮಾನಗಳನ್ನು ನಿಲ್ಲಿಸಿದಾಗ, ವಿದ್ಯಾರ್ಥಿಗಳು ಮೂರನೆಯ ದೇಶದಲ್ಲಿ ಇಳಿದು, ಅಲ್ಲಿ ಕೋವಿಡ್ ಪರೀಕ್ಷೆ ಮಾಡಿಸಿಕೊಂಡು, ದುಪ್ಪಟ್ಟು ತಿಪ್ಪಟ್ಟು ಹಣ ತೆತ್ತು ಹೋದರು. ಹೋದರೆಂಬುದೇ ಇಲ್ಲಿ ಮುಖ್ಯ. ದಾರಿ ದುಬಾರಿಯಾದರೂ ಇದೆ ಎಂದಾದರೆ ಜನ ಸಾಲ ಮಾಡಿಯಾದರೂ ಹೋಗುತ್ತಾರೆ.

ಪ್ರವೇಶ ಪರೀಕ್ಷೆಗಳ ವಿಚಾರ ಬೇಗ ಹೇಳಿ ಮುಗಿಸಬಹುದು. ಪರೀಕ್ಷಾ ಕೇಂದ್ರಗಳು ಮುಚ್ಚಿದ ಕೆಲವೇ ವಾರಗಳಲ್ಲಿ ಇಂಗ್ಲಿಷ್ ಜ್ಞಾನ ಅಳೆಯುವ ಟೋಫೆಲ್ ಮತ್ತು ಸ್ನಾತಕೋತ್ತರ ಪ್ರವೇಶಕ್ಕೆ ಬೇಕಾಗುವ ಜಿಆರ್‌ಇ ಮನೆಯಿಂದಲೇ ಬರೆಯುವಂತಾದವು. ಆನ್‌ಲೈನಿನಲ್ಲೇ ನಡೆಯುವ ಡ್ಯುವೊಲಿಂಗೋ ಇಂಗ್ಲಿಷ್ ಪರೀಕ್ಷೆಯನ್ನು ಒಪ್ಪುವ ವಿಶ್ವವಿದ್ಯಾಲಯಗಳ ಸಂಖ್ಯೆ ಏರಿತು. ಇಡೀ ವ್ಯವಸ್ಥೆಯಲ್ಲಿ ಇಷ್ಟು ಬೇಗ ಹೊಂದಿಕೊಂಡ ಭಾಗ ಇನ್ನೊಂದಿಲ್ಲ. ಅರ್ಜಿದಾರರಿಲ್ಲದೆ ಪರೀಕ್ಷೆ ನಡೆಸುವ ಸಂಸ್ಥೆಗಳ ವ್ಯವಹಾರವೇ ನಿಲ್ಲುತ್ತಿತ್ತು ಎಂಬುದು ಅದಕ್ಕೊಂದು ಕಾರಣವಿರಬಹುದು.

ಬಾಗಿಲು ತೆರೆದ ಮೇಲೆ ನಡೆದದ್ದು ಬೇರೊಂದು ಬಗೆಯ ಆತುರ. ಆಸ್ಟ್ರೇಲಿಯ ಲಸಿಕೆ ಪಡೆದ ವಿದ್ಯಾರ್ಥಿಗಳನ್ನು 2021ರ ಡಿಸೆಂಬರ್ 15ರಿಂದ ಬಿಟ್ಟುಕೊಂಡಿತು. 2022ರ ಜನವರಿಯಲ್ಲಿ, ಎರಡು ತಿಂಗಳೊಳಗೆ ಬಂದಿಳಿಯುವವರಿಗೆ 630 ಡಾಲರ್ ವೀಸಾ ಶುಲ್ಕವನ್ನು ಮರಳಿಸುವುದಾಗಿ ಹೇಳಿತು, ಕೆಲಸದ ಗಂಟೆಗಳ ಮಿತಿಯನ್ನೂ ತಾತ್ಕಾಲಿಕವಾಗಿ ತೆಗೆಯಿತು. ಎರಡು ವರ್ಷದ ಹಿಂದೆ ಮನೆಗೆ ಹೋಗಿ ಎಂದಿದ್ದ ಸರ್ಕಾರವೇ ಈಗ ಬೇಗ ಬನ್ನಿ ಎನ್ನುತ್ತಿತ್ತು. 2023ರ ಜನವರಿ 28ರಂದು ಚೀನಾದ ಶಿಕ್ಷಣ ಇಲಾಖೆಯ ಕೇಂದ್ರವೊಂದು, ವಿದೇಶಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಓದಿಗೆ ಸಾಂಕ್ರಾಮಿಕದ ಕಾಲದಲ್ಲಿ ಕೊಟ್ಟಿದ್ದ ಮಾನ್ಯತೆ ಆ ಸೆಮಿಸ್ಟರಿನಿಂದಲೇ ಕೊನೆಗೊಳ್ಳುತ್ತದೆಂದು ಪ್ರಕಟಿಸಿತು. ಆಸ್ಟ್ರೇಲಿಯದಲ್ಲಿ ತರಗತಿ ಆರಂಭಕ್ಕೆ ಉಳಿದಿದ್ದದ್ದು ಕೆಲವೇ ವಾರ. ವಿಮಾನ, ವೀಸಾ, ಎಲ್ಲಕ್ಕಿಂತ ಮಿಗಿಲಾಗಿ ಬಾಡಿಗೆ ಮನೆ ಸಿಗದೆ ವಿದ್ಯಾರ್ಥಿಗಳೂ ವಿಶ್ವವಿದ್ಯಾಲಯಗಳೂ ಪರದಾಡಿದವು. ತೀರಾ ಕಷ್ಟವಾದವರಿಗೆ ಆಮೇಲೆ ವಿನಾಯಿತಿ ಕೊಡಬೇಕಾಯಿತು. ಕರೆಯುವವರು ಕರೆದದ್ದಾಯಿತು, ಬಂದವರನ್ನು ಎಲ್ಲಿ ಮಲಗಿಸುವುದೆಂದು ಯೋಚಿಸಬೇಕಾದವರಿಗೆ ಸುದ್ದಿ ಕೊನೆಗೆ ಮುಟ್ಟಿತು. ಆ ಎರಡು ಕೋಣೆಗಳ ನಡುವಿನ ಗೋಡೆ ಅಷ್ಟು ಹೊತ್ತಿಗೆ ಮತ್ತೆ ಎದ್ದಿತ್ತು.

2024ರಲ್ಲಿ ಗಾಳಿ ಪೂರ್ತಿ ತಿರುಗಿತು. ಕೆನಡಾ ಅಧ್ಯಯನ ಪರವಾನಗಿಗಳಿಗೆ ಮಿತಿ ಹೇರಿತು, ಬ್ರಿಟನ್ ಹೆಚ್ಚಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬವನ್ನು ಕರೆತರದಂತೆ ತಡೆಯಿತು, ಆಸ್ಟ್ರೇಲಿಯ ವೀಸಾ ಶುಲ್ಕವನ್ನು 710ರಿಂದ 1,600 ಡಾಲರಿಗೆ ಏರಿಸಿತು. ಸಾಂಕ್ರಾಮಿಕದ ನಡುವೆ ಮಾತು ಉಳಿಸಿಕೊಂಡು ವಿದ್ಯಾರ್ಥಿಗಳನ್ನು ಗೆದ್ದ ದೇಶಗಳೂ ಈ ಪಟ್ಟಿಯಲ್ಲಿವೆ. ಹಾಗಾಗಿ ಈಗ ನನ್ನ ಮೇಜಿಗೆ ಬರುವ ವಿಚಾರಣೆಗಳ ಧಾಟಿಯೂ ಬದಲಾಗಿದೆ. 2019ರಲ್ಲಿ ಬರುತ್ತಿದ್ದ ಪತ್ರಗಳು ಶ್ರೇಯಾಂಕದಿಂದ ಆರಂಭವಾಗುತ್ತಿದ್ದವು. ಈಗಿನವು ಠೇವಣಿ ವಾಪಸಾತಿಯ ನಿಯಮದ ಪ್ರತಿ ಕೇಳುವುದರಿಂದ ಆರಂಭವಾಗುತ್ತವೆ. ಪ್ರವೇಶಪತ್ರ ಕೊಟ್ಟ ಮೇಲೆ ಸರ್ಕಾರ ನಿಯಮ ಬದಲಿಸಿದರೆ ಹಣ ಮರಳುತ್ತದೆಯೇ, ಮರಳುವುದಾದರೆ ಎಷ್ಟು ದಿನದೊಳಗೆ, ಮೊದಲ ಸೆಮಿಸ್ಟರನ್ನು ಊರಿನಿಂದಲೇ ಓದಬೇಕಾಗಿ ಬಂದರೆ ಉದ್ಯೋಗ ಪರವಾನಗಿಯ ಅವಧಿ ಕಡಿತವಾಗುತ್ತದೆಯೇ ಎಂಬ ಪ್ರಶ್ನೆಗಳು ಅದರ ಹಿಂದೆಯೇ ಬರುತ್ತವೆ. ನಾನು ಈಗ ಕೆಲಸ ಮಾಡುವ ಕಡೆ ಈ ಪ್ರಶ್ನೆಗಳ ಉತ್ತರವನ್ನು ಪ್ರವೇಶಪತ್ರದ ಎರಡನೆಯ ಪುಟದಲ್ಲೇ, ದಿನಾಂಕಗಳ ಸಮೇತ, ಅಚ್ಚು ಹಾಕಿಸುತ್ತೇವೆ. ಹಣಕಾಸು ವಿಭಾಗದವರು ಅದಕ್ಕೆ ಒಪ್ಪಲು ಒಂದು ಇಡೀ ಪ್ರವೇಶಾತಿ ಋತುವೇ ಬೇಕಾಯಿತು.